ಇನ್ನೂರ ಹನ್ನೆರಡನೆಯ ಸಾಲು

ಗೋಕಾಕದಿಂದ ಹುಕ್ಕೇರಿಯವರೆಗೆ, ಅಲ್ಲಿಂದ ಸುತ್ತು ಹೊಡೆದು ಮೂಡಲಗಿಯವರೆಗೆ ಕೀಬೋರ್ಡು ಮುಟ್ಟಿದ ಸಾವಿರಾರು ಕೈಗಳಲ್ಲಿ ಉಮೇಶನ ಕೈಯಂಥ ಕೈ ಇನ್ನೊಂದಿಲ್ಲ. ಅವನು ಎದುರಿಗೆ ಬಂದು ಕೂತರೆ ಸಾಕು, ಸತ್ತ ಕಂಪ್ಯೂಟರು ಕೆಮ್ಮಿಕೊಂಡು ಎದ್ದು ಕೂರುತ್ತಿತ್ತು. ಅವನ ನೆರಳು ಬಿದ್ದರೆ ವೈರಸ್ಸುಗಳು ಕೃಷ್ಣೆ ದಾಟಿ ಮಹಾರಾಷ್ಟ್ರಕ್ಕೆ ಓಡುತ್ತಿದ್ದವು. ಈ ಮಾತನ್ನು ಮೂರು ತಾಲ್ಲೂಕುಗಳಲ್ಲಿ ಏನಿಲ್ಲೆಂದರೂ ಹತ್ತು ಸಾವಿರ ಸಲ ಹೇಳಲಾಗಿದೆ. ಅದರಲ್ಲಿ ಒಂಬತ್ತು ಸಾವಿರದ ಒಂಬೈನೂರು ಸಲ ಹೇಳಿದವನು ಉಮೇಶನೇ ಎಂಬುದು ಬೇರೆ ವಿಷಯ. ಅಂಥ ಉಮೇಶ ಮಂಗಳವಾರ ಬೆಳಗ್ಗೆ ಮೂಡಲಗಿ ಬಸ್ಸಿನಲ್ಲಿ, ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ, ಲ್ಯಾಪ್‌ಟಾಪಿನ ಚೀಲವನ್ನು ಎಳೆಗೂಸಿನಂತೆ ತಬ್ಬಿಕೊಂಡು ಕೂತಿದ್ದ. ಕೂಸು ಎಂದರೆ ಹೆಚ್ಚಾಯಿತು. ಕದ್ದ ಕೋಳಿ ಎನ್ನಬೇಕು. ಜಿಪ್ಪು ಒಂದು ಬೆರಳಿನಷ್ಟು ತೆರೆದರೂ ಒಳಗಿರುವುದು ಕೂಗಿಬಿಡುತ್ತದೆ, ಇಡೀ ಬಸ್ಸು ತಿರುಗಿ ನೋಡುತ್ತದೆ ಎಂದು ಅನ್ನಿಸುತ್ತಿತ್ತು. ಕಬ್ಬಿನ ಟ್ರ್ಯಾಕ್ಟರುಗಳು, ಕೋಟಿಗೆ ಒಂದೆರಡು ಕಡಿಮೆ ಇದ್ದಾವು, ದಾರಿಯನ್ನು ನುಂಗಿ ನಿಂತಿದ್ದವು. ಬಸ್ಸು ಗೇಣು ಸರಿದು ನಿಲ್ಲುತ್ತಿತ್ತು, ಮತ್ತೆ ಗೇಣು. ಪ್ರತಿ ಸಲ ನಿಂತಾಗಲೂ ಅವನಿಗೆ ಹಾಯೆನಿಸುತ್ತಿತ್ತು. ಹಾಯೆನಿಸಿದ್ದಕ್ಕೆ ಕಿವಿ ಬಿಸಿಯಾಗುತ್ತಿತ್ತು.

ನಾಗನೂರಿನಲ್ಲಿ ಹತ್ತಿದ ಯಲ್ಲಪ್ಪ ಅವನ ಪಕ್ಕದಲ್ಲೇ ಬಂದು ಕೂತ. ಹಿಂದೊಮ್ಮೆ ಅವನ ಮಗನ ಕಂಪ್ಯೂಟರನ್ನು ಉಮೇಶ ರಿಪೇರಿ ಮಾಡಿಕೊಟ್ಟಿದ್ದ.

"ಏನ್ ಉಮೇಶಣ್ಣಾ, ಮೂಡಲಗಿ ಕಡೆ? ಕಂಪ್ಯೂಟರಿಗೆ ಜಡ್ಡ ಬಂತೇನ?"

"ಕಂಪ್ಯೂಟರಿಗೆಲ್ಲಿ ಜಡ್ಡ ಕಾಕಾ, ಅದನ್ನ ಬಡಿಯೋ ಮಂದಿಗೆ ಜಡ್ಡ," ಎಂದಿತು ಉಮೇಶನ ಬಾಯಿ. ಹಿಡಿಯುವುದರೊಳಗೆ ಅದು ಹೇಳಿ ಮುಗಿಸಿತ್ತು.

"ಅಂದ್ರ ಆ ಹುಡಗೀದ ತಪ್ಪು ಅನ್ನು! ಊರ ತುಂಬ ಅದ ಸುದ್ದಿ. ನಮ್ಮ ಅತ್ತೀನ್ನೂ ಕಣ್ಣಿನ ಶಿಬಿರದಿಂದ ಹೊಳ್ಳಿ ಕಳಿಸಿದ್ರಲ್ಲೊ ಮಾರಾಯಾ. ಹೊಸಾ ಇಲಕಲ್ಲ ಸೀರಿ ಉಟ್ಟ ಹೋಗಿದ್ಲು. ಯಾಕಬೇ ಹೊಸಾ ಸೀರಿ ಅಂದ್ರ, 'ಕಣ್ಣ ಬಿಟ್ಟ ಕೂಡ್ಲೆ ಮದಲ ನನ್ನ ಸೀರಿ ನೋಡ್ಬೇಕಲಾ' ಅಂದ್ಲು." ಯಲ್ಲಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಈಗ ಗೂಟಕ್ಕ ಹಾಕ್ಯಾಳ ಸೀರಿ. ಮುಟ್ಟಾಕ ಕೊಡವಲ್ಲಳು."

ಉಮೇಶನೂ ನಕ್ಕ. ನಗದಿದ್ದರೆ ಗೊತ್ತಾಗಿಬಿಡುತ್ತದೆ. ಕಿಟಕಿಯ ಗಾಜಿನಲ್ಲಿ ತನ್ನ ನಗು ಕಂಡಿತು. ಹಲ್ಲುಗಳು ಇದ್ದಕ್ಕಿಂತ ಹೆಚ್ಚಿದ್ದಂತೆ, ಬೇರೆ ಯಾರದೋ ಬಾಯಿಂದ ತಂದು ಕೂರಿಸಿದಂತೆ ಇದ್ದವು.

ನಡೆದದ್ದು ಇಷ್ಟು. ಭಾನುವಾರ ಮೂಡಲಗಿಯಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರವಿತ್ತು. ಎರಡು ತಿಂಗಳು ಹಳ್ಳಿಹಳ್ಳಿ ತಿರುಗಿ ಹೆಸರು ಬರೆದುಕೊಂಡು ಬಂದು, ಉಮೇಶ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಒಂದೊಂದಾಗಿ ತುಂಬಿದವಳು ಸಮಿತಿಯ ಕೆಲಸಕ್ಕಿದ್ದ ಆಮ್ರಪಾಲಿ. ಶಿಬಿರದ ಬೆಳಗ್ಗೆ ಪಟ್ಟಿ ತೆಗೆದರೆ ಮೂವತ್ತೇಳು ಮುದುಕಿಯರ ಹೆಸರೇ ಇಲ್ಲ. ಅವರ ಕೈಯಲ್ಲಿ ಚೀಟಿ ಇತ್ತು, ಚೀಟಿಯಲ್ಲಿ ಆಮ್ರಪಾಲಿಯ ಸಹಿ ಇತ್ತು, ಕಂಪ್ಯೂಟರಿನಲ್ಲಿ ಮಾತ್ರ ಅವರು ಹುಟ್ಟಿರಲೇ ಇಲ್ಲ. ಪಟ್ಟಿಯಲ್ಲಿದ್ದವರಿಗೆ ಸಾಲುವಷ್ಟೇ ಮಸೂರಗಳನ್ನು ತಂದಿದ್ದ ಡಾಕ್ಟರುಗಳು ಕೈಚೆಲ್ಲಿದರು. ಮುದುಕಿಯರು ಖಾಲಿ ಹೊಟ್ಟೆಯಲ್ಲಿ ಬಂದ ಹಾಗೆಯೇ ಹಿಂದಿರುಗಿದರು. ಮಧ್ಯಾಹ್ನ ಸಮಿತಿಯ ಅಧ್ಯಕ್ಷ ಸೋಮಲಿಂಗ ಫೋನು ಮಾಡಿದ್ದ: "ಉಮೇಶಣ್ಣಾ, ತಪ್ಪು ಪ್ರೋಗ್ರಾಮಿಂದೊ ಹುಡಗೀದೊ?" ಉಮೇಶ ಆಗ ಊಟಕ್ಕೆ ಕೂತಿದ್ದ. ಕೈಯಲ್ಲಿ ತುತ್ತಿತ್ತು. ಅಷ್ಟು ದೊಡ್ಡ ಪ್ರಶ್ನೆಗೆ ಅವನು ತುತ್ತನ್ನು ಕೆಳಗೂ ಇಡಲಿಲ್ಲ. "ಅಧ್ಯಕ್ಷರ, ನನ್ನ ಪ್ರೋಗ್ರಾಮು ಹನ್ನೊಂದ ವರ್ಷದಾಗ ಒಂದ ಎರರ್ ತೋರಿಸಿಲ್ಲ. ಒಂದ! ಮುಂದ ಕುಂತ ಮನುಷ್ಯಾನ್ನ ನೋಡ್ರಿ ಮದಲ." ಆ ಸಂಜೆಯೇ ಆಮ್ರಪಾಲಿಗೆ ನಾಳೆಯಿಂದ ಬರಬೇಡ ಎಂದು ಹೇಳಿದರಂತೆ. ಅವಳನ್ನೂ ಉಮೇಶನನ್ನೂ ಮಂಗಳವಾರ ಕಚೇರಿಗೆ ಕರೆಸಿದ್ದರು. ಅನ್ನಕ್ಕೆ ಉಪ್ಪು ಕಡಿಮೆಯಾಗಿತ್ತು ಎಂಬುದು ಉಮೇಶನಿಗೆ ಈಗಲೂ ನೆನಪಿದೆ. ಆ ವಾಕ್ಯ ಹೇಳುವ ಮೊದಲು ಒಂದು ಗಳಿಗೆಯಾದರೂ ಯೋಚಿಸಿದ್ದೆನೇ ಎಂಬುದು ನೆನಪಾಗುತ್ತಿಲ್ಲ.

ಒಂದೇ ಒಂದು ಎರರ್ ತೋರಿಸಿಲ್ಲ ಎಂಬುದು ಮಾತ್ರ ಖರೆ. ಉಮೇಶನ ಜೀವಮಾನದ ಬಡಾಯಿಗಳಲ್ಲಿ ಎಳ್ಳಷ್ಟೂ ಉಬ್ಬಿಸದ ಬಡಾಯಿ ಇದೊಂದೇ. ಯಾಕೆ ತೋರಿಸಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸೋಮವಾರ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಕೋಡ್ ತೆರೆದು ನೋಡುವವರೆಗೆ ತನಗೆ ತಾನೂ ಹೇಳಿಕೊಂಡಿರಲಿಲ್ಲ. ಪ್ರೋಗ್ರಾಮ್ ಬರೆಯುವವರಿಗೆ ಒಂದು ಅನುಕೂಲವಿದೆ. ಕೆಲಸ ನಡುವೆ ಮುರಿದರೆ ಆ ತಪ್ಪನ್ನು ಹಿಡಿಯಲು ಬುಟ್ಟಿಯಂಥ ಜಾಗವೊಂದನ್ನು ಇಟ್ಟಿರುತ್ತಾರೆ. ಬುಟ್ಟಿಗೆ ಬಿದ್ದ ತಪ್ಪನ್ನು ಎತ್ತಿ ನೋಡಬೇಕು, ಏನಾಯಿತೆಂದು ಕೂತವನಿಗೆ ಹೇಳಬೇಕು. ಉಮೇಶನ ಬುಟ್ಟಿಗೆ ತಳವೇ ಇರಲಿಲ್ಲ. ಅಲ್ಲಿ ಏನೂ ಬರೆಯದೆ ಖಾಲಿ ಬಿಟ್ಟಿದ್ದ. ಬಿದ್ದ ತಪ್ಪು ಬಿದ್ದಲ್ಲಿಂದಲೇ ಪಾತಾಳಕ್ಕೆ. ಕೆಳಗಿನ ಸಾಲು ಮಾತ್ರ, ಏನೇ ಆಗಿರಲಿ, ಹಸಿರು ಅಕ್ಷರದಲ್ಲಿ ನಗುತ್ತ ಮೇಲೆ ಬರುತ್ತಿತ್ತು: 'ಯಶಸ್ವಿಯಾಗಿ ಉಳಿಸಲಾಗಿದೆ.' ಹನ್ನೊಂದು ವರ್ಷಗಳಿಂದ ಎಲ್ಲ ಪ್ರೋಗ್ರಾಮಿಗೂ ಅದೇ ಅಚ್ಚು.

ಅದಕ್ಕೂ ಮೊದಲು ಹುಕ್ಕೇರಿಯಲ್ಲಿ ಒಂದು ದಿನ ಇತ್ತು. ಒಂದು ಖಾಸಗಿ ವಾಚನಾಲಯಕ್ಕೆ ಅವನು ಬರೆದ ಮೊಟ್ಟಮೊದಲ ಪ್ರೋಗ್ರಾಮಿನ ಪ್ರದರ್ಶನ. ಇಪ್ಪತ್ತೈದು ಜನ, ಅವನು ಹೇಳುವಾಗ ಇನ್ನೂರೈವತ್ತು. ಅಪ್ಪ ಮಾಲಿಂಗ ಕುರಿಹಿಂಡನ್ನು ಯಾರಿಗೋ ಒಪ್ಪಿಸಿ, ಹೆಗಲ ಮೇಲೆ ಕರಿ ಕಂಬಳಿ ಹೊದ್ದು, ಮುಂದಿನ ಸಾಲಿನಲ್ಲಿ ಕುರ್ಚಿಯ ತುದಿಯ ಮೇಲೆ ಕೂತಿದ್ದ. ಪೂರ್ತಿ ಒರಗಿದರೆ ಕುರ್ಚಿ ಹೊಲಸಾದೀತೆಂಬಂತೆ. ಉಮೇಶ ಗುಂಡಿ ಒತ್ತಿದ. ಪರದೆಯ ನಡುವೆ ಎರರ್ ಪೆಟ್ಟಿಗೆ ಟಣ್ಣೆಂದು ಎದ್ದಿತು. ಮುಚ್ಚಿದರೆ ಇನ್ನೊಂದು. ಅದನ್ನು ಮುಚ್ಚಿದರೆ ಮತ್ತೊಂದು. ಟಣ್, ಟಣ್, ಟಣ್. ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಆಗ ಮುಂದಿನ ಸಾಲಿನಿಂದ ಚಪ್ಪಾಳೆ ಕೇಳಿತು. ಅಪ್ಪ ಚಪ್ಪಾಳೆ ತಟ್ಟುತ್ತಿದ್ದ. ಪೆಟ್ಟಿಗೆ ಎದ್ದಾಗಲೆಲ್ಲ ಮಗ ಏನೋ ಗೆದ್ದನೆಂದು ತಿಳಿದು, ಎರಡೂ ಕೈ ಎತ್ತಿ, ಅತ್ತಿತ್ತ ಜನರ ಮುಖ ನೋಡುತ್ತ, ನೀವೂ ತಟ್ಟಿರಿ ಎಂಬಂತೆ. ಉಮೇಶನಿಗೆ ಆ ಗಳಿಗೆಯಲ್ಲಿ ಭೂಮಿ ಬಾಯಿಬಿಡುವುದೂ ಬೇಡವಾಗಿತ್ತು. ಅಪ್ಪ ಒಬ್ಬ ಅಲ್ಲಿ ಇರದಿದ್ದರೆ ಸಾಕಿತ್ತು. ಅಪ್ಪ ಇರಬಾರದಿತ್ತು ಎಂದು ಅನ್ನಿಸಿದ್ದನ್ನು ಅವನು ಕೋಡಿನ ಯಾವ ಸಾಲಿನಲ್ಲಿ ಬಚ್ಚಿಡಬೇಕು? ಆ ವಾರವೇ ಅವನು ಎಲ್ಲ ಎರರುಗಳ ಬಾಯಿಗೂ ಬಟ್ಟೆ ತುರುಕಿದ. ಅವನ ಕೀರ್ತಿ ಅಲ್ಲಿಂದ ಬೆಳೆಯಿತು.

ಮೂಡಲಗಿ ಬಂತು. ಬಸ್ಸಿಗೆ ಇಷ್ಟು ಬೇಗ ಬರುವ ಅವಸರವೇನಿತ್ತು?

ಸಮಿತಿಯ ಕಚೇರಿ ಎಂದರೆ ಹಳೆಯ ಹತ್ತಿ ಗೋದಾಮಿನ ಮುಂಭಾಗದ ಕೋಣೆ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು. ಒಳಗೆ ಸೋಮಲಿಂಗ, ಬಿಳಿ ಟೋಪಿ, ಟೇಬಲ್ಲಿನ ಮೇಲೆ ಚಹ. ಗೋಡೆಗೆ ಬೆನ್ನು ಹಚ್ಚಿ ಆಮ್ರಪಾಲಿ ನಿಂತಿದ್ದಳು. ಕುರ್ಚಿ ಇತ್ತು, ಅವಳಿಗೆ ಕೂರಲು ಯಾರೂ ಹೇಳಿರಲಿಲ್ಲ, ಅವಳೂ ಕೂತಿರಲಿಲ್ಲ. ಎದೆಗೆ ಒಂದು ನೋಟುಬುಕ್ಕು ಒತ್ತಿ ಹಿಡಿದಿದ್ದಳು. ಉಮೇಶ ಒಳಗೆ ಬಂದಾಗ ಅವಳು ನಮಸ್ಕಾರ ಮಾಡಿದಳು. ಅವಳು ಬಯ್ದಿದ್ದರೆ ಆ ಕೋಣೆಯಲ್ಲಿ ನಿಲ್ಲುವುದು ಸುಲಭವಾಗುತ್ತಿತ್ತು.

"ಬರ್ರಿ ಬರ್ರಿ, ದೊಡ್ಡ ಡಾಕ್ಟರ ಬಂದ್ರು," ಎಂದ ಸೋಮಲಿಂಗ. "ನಾಡಿ ಹಿಡದ ನೋಡ್ರಿ. ನಂಗೇನ ಸಂಶೆ ಇಲ್ಲ, ಖರೆ ಒಂದ ಮಾತ ಕಾಗದದ ಮ್ಯಾಲ ಬೇಕು. ಹೊಳ್ಳಿ ಹೋದ ಮುದುಕ್ಯಾರು ಹೆಚ್ಚಾನು ಹೆಚ್ಚು ನಮ್ಮ ಮಂದಿನ. ಇಕಿ ಯಾಕ ಬಿಟ್ಟಾಳು ಅಂತ ಮಂದಿ ಏನೇನರ ಮಾತಾಡಾಕತ್ತಾರ."

"ಸಾತವ್ವ ಅನ್ನೂ ಹೆಸರೂ ಪಟ್ಟ್ಯಾಗ ಇಲ್ರಿ," ಎಂದಳು ಆಮ್ರಪಾಲಿ. "ನಮ್ಮ ಆಯಿ, ಅವ್ವನ ಅವ್ವ. ಆಕೀನೂ ಹೊಳ್ಳಿ ಬಂದ್ಲು."

"ಹಂಗ ಕಾಣಬೇಕಂತ ಒಂದ ಹೆಸರ ನಿಮ್ಮ ಓಣೀದೂ ಬಿಟ್ಟಿರತಿ," ಎಂದು ಸೋಮಲಿಂಗ ಚಹ ಹೀರಿದ. ಕೆಟ್ಟ ದನಿಯಲ್ಲೂ ಹೇಳಲಿಲ್ಲ. ಹವೆಯ ಬಗ್ಗೆ ಹೇಳುವ ಹಾಗೆ ಹೇಳಿದ. ಉಮೇಶ ಚಾರ್ಜರಿನ ವಯರು ಬಿಡಿಸುವುದರಲ್ಲಿ ಮುಳುಗಿಹೋದ. ಜಗತ್ತಿನಲ್ಲಿ ಯಾವ ವಯರೂ ಅಷ್ಟು ಗಂಟು ಬಿದ್ದಿರಲಾರದು.

ಆಮೇಲೆ ಅವನು ನಾಟಕ ಹೂಡಿದ. ಅಂಥ ನಾಟಕವನ್ನು ಆ ಗೋದಾಮು ನೂರು ವರ್ಷಗಳಲ್ಲಿ ಕಂಡಿರಲಿಕ್ಕಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಆಂಟಿವೈರಸ್ ಆರಿಸಿದ, ಹಚ್ಚಿದ. ಡಿಸ್ಕಿನಲ್ಲಿ ಜಾಗ ಎಷ್ಟಿದೆ ಎಂದು ನೋಡಿ ಹುಬ್ಬೇರಿಸಿದ. ತಿಂಗಳು ಮೊದಲೋ ದಿನ ಮೊದಲೋ ಎಂದು ತಾರೀಖಿನ ಕ್ರಮ ಪರೀಕ್ಷಿಸಿದ. ಡೇಟಾಬೇಸಿಗೆ ಬರೆಯುವ ಅನುಮತಿ ಇದೆಯೇ ಎಂದು ನೋಡಿದ. ಇವೆಲ್ಲ ನಿಜವಾದ ಪರೀಕ್ಷೆಗಳೇ. ಬೇರೆ ಯಾವ ದಿನವಾದರೂ ಇವುಗಳಲ್ಲಿ ಒಂದರಿಂದ ರೋಗ ಸಿಕ್ಕುತ್ತಿತ್ತು. ಇಂದು ರೋಗ ಗೊತ್ತಿದ್ದೂ ಅವನು ಕಾಲಿನ ಹೆಬ್ಬೆರಳು ಹಿಸುಕಿ ನೋಡುತ್ತಿದ್ದ. ಕೊನೆಗೆ ಒಂದು ಹೊಸ ಹೆಸರು ತುಂಬಿದ. ಹೆಸರು ಸಾವಿತ್ರವ್ವ, ತಂದೆ ಅಥವಾ ಗಂಡನ ಹೆಸರು ಮಾಲಿಂಗ, ಊರು, ವಯಸ್ಸು. ಗುಂಡಿ ಒತ್ತಿದ. 'ಯಶಸ್ವಿಯಾಗಿ ಉಳಿಸಲಾಗಿದೆ.' ಪಟ್ಟಿ ತೆರೆದರೆ ಸಾವಿತ್ರವ್ವ ಇದ್ದಳು.

"ನೋಡ್ರಿ!" ಎಂದ ಸೋಮಲಿಂಗ.

"ಗಂಡನ ಹೆಸರ ಖಾಲಿ ಬಿಟ್ಟ ನೋಡ್ರಿ ಸರ್," ಎಂದಳು ಆಮ್ರಪಾಲಿ.

ಉಮೇಶನ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಹಿಂದಿನ ದಿನವೆಲ್ಲ ಮನೆಯಲ್ಲಿ ಕೂತು ಅವಳು ನೋಟುಬುಕ್ಕಿನ ಹೆಸರುಗಳನ್ನೂ ಪಟ್ಟಿಯನ್ನೂ ತಾಳೆ ಹಾಕಿದ್ದಳು. "ಮೂವತ್ತೇಳು ಮಂದೀನೂ ಗಂಡನ ಹೆಸರ ಹೇಳಲಿಲ್ರಿ. ಹಳೇ ಕಾಲದವರು. ಕೇಳಿದ್ರ ಸೆರಗ ಬಾಯಿಗೆ ಹಿಡೀತಿದ್ರು. ಬಾಜೂದವರನ್ನ ಕೇಳಿ ಬರಿಯೂದಿತ್ತು, ಖರೆ ಅವರ ಮುಂದ ಬ್ಯಾಡ ಅನಸ್ತು. ನಮ್ಮ ಆಯಿ ಗಂಡನ ಹೆಸರ ಉದ್ದಪ್ಪ ಅಂತ ನಂಗ ಗೊತ್ತಿಲ್ಲೇನ್ರಿ? ಬರ್ಯಾಕ ಹೋದ್ರ ಕೈ ಹಿಡದ್ಲು. ನನ್ನ ಕಣ್ಣಿಗೆ ಅವರ ಹೆಸರ ಯಾಕ ಅಂದ್ಲು. ಬಿಟ್ಟೆ. ಬಿಟ್ರೂ ಉಳಿಸೇನಿ ಅಂತ ಹೇಳ್ತಲ್ರಿ ನಿಮ್ಮ ಪ್ರೋಗ್ರಾಮು."

ಹೇಳಿತು. ಹಸಿರು ಅಕ್ಷರದಲ್ಲಿ ಹೇಳಿತು. ಉಮೇಶ ಪರದೆಯ ಮೇಲಿನ ತಾಯಿಯ ಹೆಸರನ್ನೇ ನೋಡುತ್ತಿದ್ದ. ಶಾಲೆಗೆ ಹಚ್ಚುವ ದಿನ ಮಾಸ್ತರರು, "ಅಪ್ಪನ ಹೆಸರೇನಬೇ?" ಎಂದಾಗ ಅವ್ವ ಅವನ ಹೆಗಲು ಮುಂದಕ್ಕೆ ನೂಕಿ, "ನೀ ಹೇಳೊ," ಎಂದಿದ್ದಳು. ರೇಷನ್ ಕಚೇರಿಯಲ್ಲಿ, ದವಾಖಾನೆಯಲ್ಲಿ, ಮತದಾರರ ಪಟ್ಟಿಗೆ ಬರೆಯಲು ಬಂದವರ ಎದುರಿಗೆ. ಆ ಒಂದು ಹೆಸರಿನ ಮಟ್ಟಿಗೆ ಅವ್ವನಿಗೆ ಬಾಯಿ ಇದ್ದದ್ದೇ ಅವನು. ಒಂದು ಸಲ ಆಡುತ್ತ ದೂರ ಹೋಗಿದ್ದಾಗ ಯಾವುದೋ ಕಚೇರಿಯಲ್ಲಿ ಅವ್ವ ಅರ್ಧ ತಾಸು ಸುಮ್ಮನೆ ನಿಂತಿದ್ದಳಂತೆ, ಗುಮಾಸ್ತ ಕೇಳುತ್ತಲೇ ಇದ್ದನಂತೆ, ಅವಳು ನೆಲ ನೋಡುತ್ತಲೇ ಇದ್ದಳಂತೆ. ಇಷ್ಟೆಲ್ಲ ಗೊತ್ತಿದ್ದವನು, ಮೂರು ತಾಲ್ಲೂಕಿನಲ್ಲಿ ಇದು ಎಲ್ಲರಿಗಿಂತ ಹೆಚ್ಚು ಗೊತ್ತಿರಬೇಕಾದವನು, ಆ ಜಾಗ ಖಾಲಿ ಇರುವ ಹಾಗಿಲ್ಲ ಎಂದು ಡೇಟಾಬೇಸಿಗೆ ಕಟ್ಟಪ್ಪಣೆ ಮಾಡಿದ್ದ. ಮಾಡಿ, ತಪ್ಪಿದವರನ್ನು ಸದ್ದಿಲ್ಲದೆ ಪಾತಾಳಕ್ಕೆ ಕಳಿಸುವ ದಾರಿಯನ್ನೂ ತೋಡಿಟ್ಟಿದ್ದ.

"ನೋಡೋಣು," ಎಂದ. ಅವನ ಬಾಯಿಂದ ಬಂದದ್ದು ಅಷ್ಟೇ.

"ಏನ್ ನೋಡೂದು," ಎಂದ ಸೋಮಲಿಂಗ, ಬೆರಳಚ್ಚು ಮಾಡಿಸಿದ ಕಾಗದವೊಂದನ್ನು ಟೇಬಲ್ಲಿನ ಮೇಲೆ ಜಾರಿಸುತ್ತ. "ಸಹಿ ಮಾಡ್ರಿ. ಪ್ರೋಗ್ರಾಮಿನಾಗ ದೋಷ ಇಲ್ಲ, ತುಂಬಿದವರ ನಿಷ್ಕಾಳಜಿ ಅಂತ ಐತಿ. ಇದರ ಮ್ಯಾಲ ಇಕೀನ್ನ ತಗಿತೇವಿ. ಬಾಜೂ ಸಂಸ್ಥೆಗಳಿಗೂ ಒಂದೊಂದ ಪ್ರತಿ ಕಳಸ್ತೇವಿ. ನಾಳೆ ಅವರೂ ಮೋಸ ಹೋಗಬಾರದಲಾ."

ಉಮೇಶ ಪೆನ್ನು ತೆಗೆದುಕೊಂಡ. ಅದು ಅವನ ಕೈಗೆ ತಾನಾಗಿ ಬಂದಂತಿತ್ತು. ಆಮ್ರಪಾಲಿ ಅವನ ಮುಖವನ್ನು ಬಿಟ್ಟು ಪೆನ್ನಿನ ತುದಿಯನ್ನು ನೋಡುತ್ತಿದ್ದಳು. ಆ ತುದಿಯಿಂದ ಮುಂದಿನ ಎಷ್ಟು ವರ್ಷ ಇಳಿಯುತ್ತದೆಂದು ಅಳೆಯುತ್ತಿದ್ದಂತೆ. ಅವಳಿಗೆ ಗೊತ್ತಿದೆ, ಎಂದುಕೊಂಡ ಉಮೇಶ. ನನಗೂ ಗೊತ್ತಿದೆಯೆಂದು ಅವಳಿಗೆ ಗೊತ್ತಿದೆ.

"ತಪ್ಪು ನಂದೈತ್ರಿ," ಎಂದ.

ಸೋಮಲಿಂಗ ಮೆಲ್ಲಗೆ ನಕ್ಕು ಎದ್ದು ಬಂದು ಅವನ ಬೆನ್ನು ತಟ್ಟಿದ.

"ನಂಗೊತ್ತಿತ್ತು! ದೊಡ್ಡ ಮನಸ ನಿಂದು ಉಮೇಶಣ್ಣಾ. ಹೆಣ್ಣ ಹುಡಗಿ, ಹೊಟ್ಟಿಪಾಡು ಅಂತ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ಖರೆ ನಾವು ಒಪ್ಪಂಗಿಲ್ಲ. ಹನ್ನೊಂದ ವರ್ಷದಾಗ ಒಂದ ಎರರ್ ಇಲ್ಲದ ಮನುಷ್ಯಾ, ಯಾರಿಗಂತ ಹೇಳಾಕತ್ತಿ?"

"ಇಲ್ರಿ, ಖರೇನ ನಂದ."

"ಆತು ಆತು. ಇಷ್ಟ ಅಂದಿಯಲ್ಲ, ಅದ ದೊಡ್ಡದು. ಸಹಿ ಮಾಡು."

ಉಮೇಶ ಗೆಲ್ಲುತ್ತಿದ್ದ. ಜೀವನದಲ್ಲಿ ಮೊದಲ ಸಲ ನಿಜ ಹೇಳಿದರೆ ಅದೂ ಅವನ ಬಡಾಯಿಗಳ ಕೊರಳಿಗೆ ಇನ್ನೊಂದು ಪದಕವಾಗಿ ನೇತುಬಿದ್ದಿತ್ತು. ಅದಕ್ಕಿಂತ ಹೇಸಿಗೆಯದು ಇನ್ನೊಂದಿತ್ತು: ಬೆನ್ನು ತಟ್ಟಿದಾಗ, ಒಂದು ಕ್ಷಣ, ಹಿತವಾಗಿತ್ತು. ಹೇಳಬೇಕಾದ್ದು ಹೇಳಿದೆನಲ್ಲ, ಅವರು ನಂಬದಿದ್ದರೆ ನಾನೇನು ಮಾಡಲಿ ಎಂದು ಒಳಗೊಬ್ಬ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಆಮ್ರಪಾಲಿ ಗೋಡೆಯಿಂದ ಬೆನ್ನು ಬಿಡಿಸಿದಳು. "ಬಾಯಿಲೆ ಹೇಳಿದ್ರ ನಿಮ್ಮ ಹೆಸರ ಇನ್ನಷ್ಟ ದೊಡ್ಡದಾಗತೈತ್ರಿ ಸರ್," ಎಂದಳು. "ತೋರಸ್ರಿ."

ಅವನು ಪೆನ್ನು ಕೆಳಗಿಟ್ಟ. ಲ್ಯಾಪ್‌ಟಾಪಿನಲ್ಲಿ ಕೋಡ್ ತೆರೆದ. ಖಾಲಿ ಬುಟ್ಟಿಯ ಮೂರು ಸಾಲುಗಳನ್ನು ಅಳಿಸಿದ. ಮೂರೇ ಸಾಲು. ಹನ್ನೊಂದು ವರ್ಷ ಹೊತ್ತು ತಿರುಗಿದ ಕೀರ್ತಿ ಅಳಿಸುವ ಗುಂಡಿಯ ಕೆಳಗೆ ಎಷ್ಟು ಹಗುರಾಗಿತ್ತು. ಪ್ರೋಗ್ರಾಮನ್ನು ಮತ್ತೆ ಓಡಿಸಿದ. ಕಟ್ಟೆಯ ಮೇಲಿನ ಮುದುಕಿಯನ್ನು ಆಮ್ರಪಾಲಿ ಕೈಹಿಡಿದು ಒಳಗೆ ಕರೆತಂದಳು. ತುಕ್ಕಾನಟ್ಟಿಯ ಗೌರವ್ವ, ಭಾನುವಾರ ಹಿಂದಿರುಗಿದವರಲ್ಲಿ ಒಬ್ಬಳು. ಇಂದು ಮತ್ತೆ ಬಂದಿದ್ದಳು, ಚೀಟಿ ಇನ್ನೂ ಮುಷ್ಟಿಯಲ್ಲಿತ್ತು. ಎರಡೂ ಕಣ್ಣುಗಳಲ್ಲಿ ಮಜ್ಜಿಗೆಯ ಬಣ್ಣದ ಪೊರೆ.

"ಯವ್ವಾ, ನಿಮ್ಮ ಹೆಸರು?" ಎಂದ ಉಮೇಶ.

"ಗೌರವ್ವಪ್ಪಾ. ಮೂರ ಸಲ ಬರದೀರಿ."

"ಗಂಡನ ಹೆಸರು?"

ಅವಳು ಸೆರಗನ್ನು ಬಾಯಿಗೆ ಹಿಡಿದು ಮುಖ ಪಕ್ಕಕ್ಕೆ ತಿರುಗಿಸಿದಳು. ಎಪ್ಪತ್ತೈದು ವರ್ಷದ ಮುಖದಲ್ಲಿ ಸಣ್ಣ ನಾಚಿಕೆಯೊಂದು ಬಂದು ಕೂತಿತು. ಉಮೇಶ ಆ ಜಾಗ ಖಾಲಿ ಬಿಟ್ಟ. ಊರು ತುಂಬಿದ, ವಯಸ್ಸು ತುಂಬಿದ. ಗುಂಡಿ ಒತ್ತಿದ.

ಟಣ್.

ಪೆಟ್ಟಿಗೆ ಪರದೆಯ ನಡುವೆ ನಿಂತಿತು. ಇಂಗ್ಲಿಷಿನ ಹತ್ತು ಸಾಲು.

"ಏನ ಅನ್ನಾಕತ್ತೈತಿ ಇದು?" ಎಂದು ಸೋಮಲಿಂಗ ಬಗ್ಗಿದ.

"ಗಂಡನ ಹೆಸರ ಖಾಲಿ ಐತಿ, ಇಕಿ ಹೆಸರ ನಾ ಇಟ್ಟಕೊಳ್ಳಾಂಗಿಲ್ಲ ಅನ್ನಾಕತ್ತೈತ್ರಿ."

"ಮದಲ ಯಾಕ ಅನ್ನಲಿಲ್ಲ?"

"ನಾ ಅನ್ನಾಕ ಬಿಟ್ಟಿರಲಿಲ್ರಿ."

"ಕೆಳಗಿಂದು?"

"ತಪ್ಪು ಎಲ್ಲೈತಿ ಅಂತ ಹೇಳತೈತ್ರಿ." ಉಮೇಶ ಓದಿದ. ಎರರ್ ಪೆಟ್ಟಿಗೆ ತಪ್ಪಿನ ವಿಳಾಸವನ್ನು ಪೂರ್ತಿ ಬರೆಯುತ್ತದೆ, ಯಾವ ಕಡತ, ಯಾವ ಕಪಾಟು ಎಂದು. "ಡಿ ಡ್ರೈವ್. ಉಮೇಶ. ನೇತ್ರಶಿಬಿರ. ನೋಂದಣಿ. ಸಾಲು ಇನ್ನೂರ ಹನ್ನೆರಡು."

ಸೋಮಲಿಂಗ ಕನ್ನಡಕ ಏರಿಸಿ ಆ ಸಾಲಿನ ಮೇಲೆ ಬೆರಳಿಟ್ಟ. ಇಂಗ್ಲಿಷ್ ಬರದಿದ್ದರೂ ಹೆಸರಿನ ಅಕ್ಷರಗಳನ್ನು ಕೂಡಿಸಿಕೊಂಡು ಓದಿದ. ಬೆರಳು ತೆಗೆದ. ತೆಗೆದ ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಅದು ಬೇಕೆಂದು ಮಾಡಿದ್ದಲ್ಲ. ಆದರೂ ಉಮೇಶ ಅದನ್ನು ಕಂಡ. ಮುಂದಿನ ಮಾತುಗಳಲ್ಲಿ 'ಅಣ್ಣ' ಇರಲಿಲ್ಲ.

"ಹಂಗಾದ್ರ ಈ ಕಾಗದ?" ಎಂದ ಸೋಮಲಿಂಗ, ಯಾರನ್ನೂ ನೋಡದೆ.

ಆಮ್ರಪಾಲಿ ಅದನ್ನು ತೆಗೆದು ಮಗುಚಿ ಉಮೇಶನ ಮುಂದಿಟ್ಟಳು. "ಹಿಂದಿನ ಬಾಜೂ ಖಾಲಿ ಐತ್ರಿ. ನಿಮ್ಮ ಕೈಲೆ ಬರೀರಿ." ಅವನು ಬರೆದ. ದೋಷ ಪ್ರೋಗ್ರಾಮಿನದು, ತುಂಬಿದವರದಲ್ಲ. ಭಾನುವಾರ ನಾನು ಫೋನಿನಲ್ಲಿ ಹೇಳಿದ್ದು ಸುಳ್ಳು. ಸಹಿ ಮಾಡಿದ. ಅವನ ಸಹಿ ಸಾಮಾನ್ಯವಾಗಿ ಅರ್ಧ ಪುಟ ಹಿಡಿಯುತ್ತಿತ್ತು. ಅವಳು ಕಾಗದವನ್ನು ಎರಡು ಸಲ ಓದಿ ಸೋಮಲಿಂಗನ ಕೈಗೆ ಕೊಟ್ಟಳು. ಮುಗಿಯಿತು ಎಂದುಕೊಂಡು ಉಮೇಶ ವಯರು ಸುತ್ತತೊಡಗಿದ.

"ಇದು ಇವರಿಗಾತ್ರಿ," ಎಂದಳು ಆಮ್ರಪಾಲಿ. "ಮುದುಕ್ಯಾರಿಗೆ? ಅವರಿಗೆ ಓದಾಕ ಬರೂದಿಲ್ಲ, ಬಂದ್ರೂ ಕಾಣೂದಿಲ್ಲ. ಎರಡ ದಿನದಿಂದ ಅವರ ಮನ್ಯಾಗ ನನ್ನ ಬೈಯಾಕತ್ತಾರ. ಅವರಿಗೆ ಬಾಯಿಲೆನ ಹೇಳಬೇಕು."

"ನೀನ ಹೇಳಬಹುದಲಾ..."

"ನಾ ಹೇಳಿದ್ರ ಯಾರ ನಂಬ್ತಾರ್ರಿ?"

ಗೌರವ್ವ ದನಿ ಬಂದ ಕಡೆಗೆ ಮುಖ ಎತ್ತಿದಳು. "ಯಾರವ್ವಾ ಅಂವ? ಕಣ್ಣಿನ ಡಾಕ್ಟರೇನ?"

ಸೋಮಲಿಂಗ ತಣ್ಣಗಾದ ಚಹದ ಬಟ್ಟಲನ್ನು ನೋಡುತ್ತಿದ್ದ. ಉಮೇಶ ಎದ್ದು ಮುದುಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಬಾಯಿ ತೆರೆದ; ಇಷ್ಟು ವರ್ಷ ಕೇಳದೆಯೂ ಓಡುತ್ತಿದ್ದ ಬಾಯಿ.

"ಡಾಕ್ಟರ ಅಲ್ಲಬೇ. ನಿಮ್ಮ ಹೆಸರ ಕಳದಾಂವ. ಈ ಹುಡಗಿ ಸರಿಯಾಗಿ ಬರದಿದ್ಲು. ಕಳದಾಂವ ನಾನು."

ಗೌರವ್ವ ಕೈ ಚಾಚಿ ಅವನ ಮುಖ ಹುಡುಕಿದಳು. ಒರಟು ಬೆರಳುಗಳು ಹಣೆ, ಹುಬ್ಬು, ಮೂಗು, ಗದ್ದ ಹೀಗೆ ಅವಸರವಿಲ್ಲದೆ ಇಳಿದವು. ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿದರೂ ಯಾರೋ ನೋಡುತ್ತಲೇ ಇದ್ದಾರೆ ಎನ್ನಿಸಿತು.

"ಯಾರ ಮಗನೊ ನೀ?" ಎಂದಳು.

"ಸಾವಿತ್ರವ್ವನ ಮಗ."

ಅವಳು ಹೂಂ ಎಂದಳೋ ಉಸಿರು ಬಿಟ್ಟಳೋ ತಿಳಿಯಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು. "ಮತ್ತ ಬರೀತಿಯೇನ ಈಗ?" ಎಂದಳು, ಬಯ್ಯಲಿಲ್ಲ, ಕ್ಷಮಿಸಲೂ ಇಲ್ಲ.

"ಬರೀತೇನಬೇ."

ಆಮ್ರಪಾಲಿ ನೋಟುಬುಕ್ಕು ತೆರೆದು, ಗೌರವ್ವನ ಹೆಸರಿನ ಮುಂದೆ ಒಂದು ಗೀಟು ಎಳೆದು, ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

"ನಡೀರಿ," ಎಂದಳು. "ಇನ್ನ ಮೂವತ್ತಾರ ಮಂದಿ ಅದಾರು."